ತಡವಾಗಿ ಬರುವ ಸದ್ದು

ನನ್ನ ಅಣ್ಣನಿಗೆ ಟೈರ್ ಅಂಗಡಿಯಲ್ಲಿ ‘ಐದು ಗ್ರಾಂ’ ಎಂದು ಅಡ್ಡಹೆಸರು. ಗಾಲಿ ಬ್ಯಾಲೆನ್ಸ್ ಮಾಡುವುದು ಅವನ ಕೆಲಸ. ಗಾಲಿಯನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿದರೆ ಎಲ್ಲಿ ಭಾರ ಕಡಿಮೆ ಎಂದು ಅದು ತೋರಿಸುತ್ತದೆ. ಆ ಜಾಗದಲ್ಲಿ ಅಂಚಿಗೆ ಸೀಸದ ಚೂರೊಂದನ್ನು ಬಡಿಯಬೇಕು. ಉಳಿದವರು ಐದು ಗ್ರಾಂ ಹೆಚ್ಚುಕಮ್ಮಿ ಇದ್ದರೆ ಓಡುತ್ತೆ ಹೋಗಿ ಸಾರ್ ಎಂದು ಗಾಲಿ ಕಳಚಿ ಕೊಡುತ್ತಾರೆ. ಇವನು ಜಪ್ಪಯ್ಯ ಅಂದರೂ ಬಿಡುವವನಲ್ಲ. ಹಿಂದೆ ನಾಲ್ಕು ಕಾರು ಹಾರ್ನ್ ಹೊಡೆಯುತ್ತ ನಿಂತಿದ್ದರೂ ಆ ಐದು ಗ್ರಾಂ ಸರಿಹೋಗದೆ ಗಾಲಿ ಕೆಳಗಿಳಿಯುವುದಿಲ್ಲ. ಗಿರಾಕಿಗಳು ಗೊಣಗಿಕೊಂಡು ಹೋಗುತ್ತಾರೆ, ಮುಂದಿನ ಸಲ ಅವನನ್ನೇ ಹುಡುಕಿಕೊಂಡು ಬರುತ್ತಾರೆ.

ನಾನು ಅವನಿಗಿಂತ ಆರು ವರ್ಷ ಚಿಕ್ಕವಳು. ಬೀಗದ ಕೈ ಮಾಡುವವನಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ. ಜನ ಇನ್ನೇನು ಗುಜರಿಗೆ ಹಾಕಬೇಕು ಎಂದುಕೊಂಡ ಯಂತ್ರಗಳಿಗೆ ನಾನು ಲಿನಕ್ಸ್ ಎಂಬ ಪುಕ್ಕಟೆ ಸಿಗುವ ಹಗುರ ಆಪರೇಟಿಂಗ್ ಸಿಸ್ಟಮ್ ತುಂಬಿ ಇನ್ನೂ ಐದು ವರ್ಷ ಓಡಿಸಿಕೊಡುತ್ತೇನೆ. ನನ್ನ ಬಾಯಿ ಜೋರು. ಬೇರೆಯವರು ಹೇಳುವ ಮೊದಲು ಇದನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ನನ್ನ ಮೊಲಕ್ಕೆ ಮೂರೇ ಕಾಲು. ಹದಿನೈದು ವರ್ಷದಲ್ಲಿ ಒಬ್ಬ ಗಿರಾಕಿಯ ಎದುರಿಗೂ ತಪ್ಪು ನನ್ನದು ಎಂದು ಒಪ್ಪಿಕೊಂಡವಳಲ್ಲ ನಾನು. ತಂತಿ ಕೆಟ್ಟಿರುತ್ತದೆ, ಕರೆಂಟು ಕೆಟ್ಟಿರುತ್ತದೆ, ಗಿರಾಕಿಯ ಹಣೆಬರಹ ಕೆಟ್ಟಿರುತ್ತದೆ, ನನ್ನ ಕೆಲಸ ಮಾತ್ರ ಕೆಟ್ಟಿರುವುದಿಲ್ಲ.

ಅಣ್ಣ ಹಿಂದೆ ಡ್ರಮ್ಸ್ ಬಾರಿಸುತ್ತಿದ್ದ. ಕನ್ನಡಕದ ಅಂಗಡಿ ಇಟ್ಟಿರುವ ಒಬ್ಬರು ಆರು ಜನರ ಬ್ಯಾಂಡ್ ನಡೆಸುತ್ತಾರೆ, ತಾವೇ ಕೀಬೋರ್ಡ್ ನುಡಿಸುತ್ತಾರೆ. ಆ ಬ್ಯಾಂಡಿನಲ್ಲಿ ಅಣ್ಣ ಒಂಬತ್ತು ವರ್ಷ ಹಿಂದಿನ ಸೀಟಿನಲ್ಲಿ ಕೂತಿದ್ದ. ಆಮೇಲೆ ಮಗಳು ಹುಟ್ಟಿದಳು, ಮೂರನೇ ಮಹಡಿಯ ಎರಡು ಕೋಣೆಯ ಮನೆಗೆ ಹೋದರು, ಕೆಳಗಿನ ಮನೆಯವರಿಗೆ ಚಮಚ ಬಿದ್ದರೂ ತಲೆನೋವು ಬರುತ್ತಿತ್ತು. ಡ್ರಮ್ಸ್ ಒಂದೊಂದಾಗಿ ಮಾರಿಹೋದವು. ಎಂಟು ವರ್ಷ ಅವನು ಆ ಮಾತನ್ನೇ ಎತ್ತಲಿಲ್ಲ. ಊಟಕ್ಕೆ ಕೂತಾಗ ಎರಡು ಬೆರಳು ಮೇಜಿನ ಅಂಚಿನಲ್ಲಿ ಆಡುತ್ತಿರುತ್ತಿದ್ದವು, ಅಷ್ಟೇ. ಅತ್ತಿಗೆ ಅದನ್ನು ನೋಡಿಯೂ ನೋಡದ ಹಾಗೆ ಇರುತ್ತಿದ್ದಳು.

ಕಳೆದ ವರ್ಷ ಕನ್ನಡಕದವರು ಕಾರಿನ ಗಾಲಿ ತೋರಿಸಲು ಟೈರ್ ಅಂಗಡಿಗೆ ಬಂದರು. ಈಗಿನ ಡ್ರಮ್ಮರ್ ಊರು ಬಿಡುತ್ತಿದ್ದಾನೆ, ನಾಲ್ಕು ತಿಂಗಳು ಟೈಮಿದೆ, ಒಂದು ಭಾನುವಾರ ಬಂದು ಬಾರಿಸಿ ತೋರಿಸು, ಕೈ ಹಾಗೇ ಇದ್ದರೆ ಸೀಟು ನಿನ್ನದೇ ಎಂದು ಹೇಳಿ ಹೋದರು. ಅಣ್ಣ ಅವತ್ತು ಮನೆಗೆ ಬಂದು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದನಂತೆ. ಅತ್ತಿಗೆ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂರುವವಳು. ದಿನವಿಡೀ ಜನರಿಗೆ ಉತ್ತರ ಕೊಟ್ಟು ಕೊಟ್ಟು ಮನೆಯಲ್ಲಿ ಅವಳ ಮಾತು ಬಲು ಕಡಿಮೆ. ಅಂಥವಳು ನನಗೆ ಫೋನ್ ಮಾಡಿ ಪೂರ್ತಿ ಹತ್ತು ನಿಮಿಷ ಮಾತಾಡಿದಳು.

ಮೂರನೇ ಮಹಡಿಯಲ್ಲಿ ಡ್ರಮ್ಸ್ ಇಡುವ ಹಾಗಿಲ್ಲ. ಅದಕ್ಕೆ ರಬ್ಬರಿನ ಪ್ಯಾಡುಗಳಿವೆ. ಕೋಲಿನಿಂದ ಹೊಡೆದರೆ ಮೆತ್ತಗೆ ಟಪ್ ಅನ್ನುತ್ತವೆ; ಆ ಏಟಿನ ಸುದ್ದಿ ತಂತಿಯಲ್ಲಿ ಕಂಪ್ಯೂಟರಿಗೆ ಹೋಗುತ್ತದೆ, ಕಂಪ್ಯೂಟರು ನಿಜವಾದ ಡ್ರಮ್ಸಿನ ಸದ್ದನ್ನು ಹೆಡ್‌ಫೋನಿಗೆ ಕೊಡುತ್ತದೆ. ಪ್ಯಾಡು ಅಣ್ಣ ತಂದ, ಕಂಪ್ಯೂಟರ್ ನಾನು ಕೊಟ್ಟೆ. ಯಾವುದೋ ಆಫೀಸಿನಿಂದ ಹೊರಬಿದ್ದ ಡಬ್ಬ. ಲಿನಕ್ಸ್ ಹಾಕಿದೆ, ಡ್ರಮ್ಸಿನ ಪ್ರೋಗ್ರಾಂ ಹಾಕಿದೆ, ಟಿಕ್ ಟಿಕ್ ಅನ್ನುವ ತಾಳದ ಗಡಿಯಾರವನ್ನೂ ಹಾಕಿದೆ. ಅವನು ಬಾರಿಸಿದ, ಹೆಡ್‌ಫೋನಿನಲ್ಲಿ ಚರಚರ.

ಯಾಕೆ ಎಂದು ಒಂದು ಮಾತಿನಲ್ಲಿ ಹೇಳುತ್ತೇನೆ. ಕಂಪ್ಯೂಟರ್ ಸದ್ದನ್ನು ನಲ್ಲಿ ನೀರಿನ ಹಾಗೆ ಬಿಡುವುದಿಲ್ಲ, ಬಕೆಟ್ಟಿನಲ್ಲಿ ತುಂಬಿ ತುಂಬಿ ಕಳಿಸುತ್ತದೆ. ಬಕೆಟ್ ಚಿಕ್ಕದಾದರೆ ಸದ್ದು ಬೇಗ ಬರುತ್ತದೆ, ಆದರೆ ಬಡ ಯಂತ್ರಕ್ಕೆ ಅಷ್ಟು ಬೇಗ ತುಂಬಲಾಗದೆ ನಡುನಡುವೆ ಚರಚರ ಅನ್ನುತ್ತದೆ. ಬಕೆಟ್ ದೊಡ್ಡದು ಮಾಡಿದರೆ ಚರಚರ ನಿಲ್ಲುತ್ತದೆ, ಸದ್ದು ತಡವಾಗುತ್ತದೆ. ನಾನು ದೊಡ್ಡ ಬಕೆಟ್ ಇಟ್ಟೆ. ಸದ್ದು ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ತಡವಾಗಿ ಬರತೊಡಗಿತು. ಕೋಲು ಬಿದ್ದ ಮೇಲೆ ಸದ್ದು ಬರುತ್ತಿದೆ ಕಣೇ ಎಂದು ಅಣ್ಣ ಮುಖ ಕಿವುಚಿದ. ಅವತ್ತು ನನ್ನ ಅಂಗಡಿಯ ಮೇಜಿನ ಮೇಲೆ ಏಳು ಯಂತ್ರಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು. “ಅಷ್ಟು ಸಣ್ಣದಕ್ಕೆಲ್ಲ ತಲೆ ಕೆಡಿಸ್ಕೋಬೇಡ, ಅಭ್ಯಾಸ ಆಗುತ್ತೆ” ಎಂದು ಹೇಳಿ ಎದ್ದು ಬಂದೆ.

ಅವನು ಮೊದಲೇ ಐದು ಗ್ರಾಂ ಬಿಡದವನು. ನಾಲ್ಕು ತಿಂಗಳು ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಂದು ಗಂಟೆ, ಸಂಜೆ ಬಂದು ಒಂದು ಗಂಟೆ, ಒಂದು ದಿನ ತಪ್ಪಿಸದೆ ಕೂತ. ಜ್ವರ ಬಂದಾಗಲೂ ಕೂತ. ಹತ್ತು ದಿನ ಆದ ಮೇಲೆ ಸದ್ದಿನ ದೂರು ತಾನಾಗಿ ನಿಂತಿತು. ನೋಡಿದ್ಯಾ, ನಾನು ಹೇಳಿರಲಿಲ್ವಾ ಎಂದು ನಾನು ಬೀಗಿದೆ.

ಆ ಭಾನುವಾರ ನಾನೂ ಅತ್ತಿಗೆಯೂ ಜೊತೆಗೆ ಹೋಗಿದ್ದೆವು. ಪೀಠೋಪಕರಣದ ಗೋದಾಮಿನ ನೆಲಮಾಳಿಗೆ ಬ್ಯಾಂಡಿನವರ ಅಭ್ಯಾಸದ ಜಾಗ. ಪ್ಲಾಸ್ಟಿಕ್ ಸುತ್ತಿದ ಸೋಫಾಗಳ ಮೇಲೆ ನಾವಿಬ್ಬರೂ ಕೂತೆವು. ಅಣ್ಣ ಬ್ಯಾಂಡಿನ ನಿಜವಾದ ಡ್ರಮ್ಸಿನ ಹಿಂದೆ ಕೂತು ಶುರು ಮಾಡಿದ. ನನಗೆ ಸಂಗೀತದ ಗಂಧಗಾಳಿ ಇಲ್ಲ, ಆದರೂ ಏನೋ ಸರಿಯಿಲ್ಲ ಅನ್ನಿಸಿತು. ಅವನ ಏಟು ಪ್ರತಿಸಲವೂ ಬೇರೆಯವರಿಗಿಂತ ಒಂದು ಕೂದಲೆಳೆ ಮುಂಚೆ ಬೀಳುತ್ತಿತ್ತು. ಕನ್ನಡಕದವರು ನಿಲ್ಲಿಸಿ, ಓಡಬೇಡ ಎಂದರು. ಮತ್ತೆ ಶುರು, ಮತ್ತೆ ಅದೇ. ಮೂರನೇ ಹಾಡಿನ ಅರ್ಧಕ್ಕೆ ಅವರೇ ಕೀಬೋರ್ಡಿನಿಂದ ಕೈ ತೆಗೆದರು. ವಯಸ್ಸಾದ ಮೇಲೆ ಕೈ ಅವಸರ ಮಾಡುತ್ತೆ, ಬೇಜಾರು ಮಾಡ್ಕೋಬೇಡ ಎಂದು ಮೃದುವಾಗಿಯೇ ಹೇಳಿದರು. ಅವನಿಗಿನ್ನೂ ನಲವತ್ತೊಂದು. ಗಿಟಾರಿನವನೊಬ್ಬ ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಯಾರಿಗೋ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಅಣ್ಣ ನೆಲವನ್ನೂ ದೂರಿರಲಿಲ್ಲ, ಯಾರನ್ನೂ ದೂರಿರಲಿಲ್ಲ. ಕೋಲುಗಳನ್ನು ಕೆಳಗಿಟ್ಟು ಥ್ಯಾಂಕ್ಸ್ ಸಾರ್ ಎಂದು ಎದ್ದು ಬಂದ.

ಮನೆಗೆ ಬಂದ ಅಣ್ಣ ಪ್ಯಾಡುಗಳನ್ನು ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದ. ಮಾರಿಬಿಡೋಣ ಎಂದ. ಅಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಒಂದು ದಿನ ಅತ್ತಿಗೆ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. “ನಿಮ್ಮಣ್ಣ ಐದು ಗ್ರಾಂ ಬಿಡ್ತಿದ್ದಾನೆ” ಎಂದಳು. ಟೈರ್ ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವವರು ಅವಳಿಗೆ ಹೇಳಿದ್ದರಂತೆ. ಯಂತ್ರ ಐದು ತೋರಿಸುತ್ತಿದ್ದರೂ ಗಾಲಿ ಕಳಚಿ, ಸಾಕು ಬಿಡಿ ಎಂದು ಗಿರಾಕಿಗೆ ಕೊಡುತ್ತಿದ್ದಾನಂತೆ. ತನ್ನ ಕೈಯ ಮೇಲೆ ನಂಬಿಕೆ ಹೋದವನು ಯಂತ್ರದ ಜೊತೆ ಇನ್ನೇನು ವಾದ ಮಾಡಿಯಾನು. ಅತ್ತಿಗೆಯ ಕಣ್ಣು ತುಂಬಿತ್ತು.

ಅದಾಗಿ ಒಂದು ವಾರಕ್ಕೆ, ಮಕ್ಕಳಿಗೆ ಕೀಬೋರ್ಡ್ ಕಲಿಸುವ ಟೀಚರೊಬ್ಬರು ತಮ್ಮ ಕಂಪ್ಯೂಟರ್ ತಂದರು. ನಾನೇ ರಿಪೇರಿ ಮಾಡಿಕೊಟ್ಟದ್ದು. ಕೀ ಒತ್ತಿದರೆ ಸದ್ದು ತಡವಾಗಿ ಬರುತ್ತಿದೆ ಎಂದು ಅವರ ದೂರು. ನಾನು ತಲೆಯೆತ್ತದೆ, ಅಭ್ಯಾಸ ಆಗುತ್ತೆ ಬಿಡಿ ಮೇಡಂ ಎಂದೆ.

“ಅಭ್ಯಾಸ ಆಗೋದೇ ತೊಂದರೆ ಕಣ್ರೀ,” ಎಂದರು ಟೀಚರು. “ಮಗು ಸದ್ದಿಗೆ ಸರಿಹೋಗ್ಲಿ ಅಂತ ಬೆರಳನ್ನ ಮುಂಚೆ ಒತ್ತೋಕೆ ಶುರು ಮಾಡುತ್ತೆ. ಆಮೇಲೆ ಎಲ್ಲಿ ಹೋದ್ರೂ ಮುಂಚೇನೇ ಒತ್ತುತ್ತೆ. ಬೆರಳಿಗೆ ಗೊತ್ತಾಗಲ್ಲ ನೋಡಿ ತಪ್ಪು ಯಾರದು ಅಂತ.”

ಸ್ಕ್ರೂ ಡ್ರೈವರ್ ಕೈಯಲ್ಲೇ ಉಳಿಯಿತು. ನಾಲ್ಕು ತಿಂಗಳು, ದಿನಕ್ಕೆ ಎರಡು ಗಂಟೆ, ನನ್ನ ಅಣ್ಣ ನನ್ನ ದೊಡ್ಡ ಬಕೆಟ್ಟಿಗೆ ಸರಿಯಾಗಿ ತನ್ನ ಕೈಯನ್ನು ತಿದ್ದಿಕೊಂಡಿದ್ದ. ಸೋಮಾರಿಯಾಗಿದ್ದರೆ ಬಚಾವಾಗುತ್ತಿದ್ದ. ಅವನ ಶ್ರದ್ಧೆಯೇ ಅವನನ್ನು ಕೆಡಿಸಿತು, ಆ ಶ್ರದ್ಧೆಯ ಬಾಯಿಗೆ ವಿಷ ಹಾಕಿದ್ದು ನಾನು. ಟೀಚರ ಎದುರಿಗೆ ಏನು ಮಾತಾಡಿದೆನೋ ನೆನಪಿಲ್ಲ. ಅವತ್ತು ಮಧ್ಯಾಹ್ನವೇ ಶಟರ್ ಎಳೆದು ಕೂತೆ.

ಅವನ ಬಳಿ ಹೋಗಿ ನೇರ ಹೇಳಬೇಕಿತ್ತು. ಹೇಳಲಿಲ್ಲ. ಮೊದಲು ಸದ್ದು ತಕ್ಷಣ ಬರುವ ಯಂತ್ರ ಹುಡುಕೋಣ, ಆಮೇಲೆ ನೋಡೋಣ ಎಂದುಕೊಂಡೆ. ಯಾರೋ ಗಿರಾಕಿಗೆ ಮನೆಯಲ್ಲೇ ಸಂಗೀತ ಮಾಡುವ ಕಂಪ್ಯೂಟರ್ ಬೇಕಂತೆ, ನನಗೆ ನಿನ್ನ ಕಿವಿ ಬೇಕು ಬಾ ಎಂದು ಸುಳ್ಳು ಹೇಳಿ ಅವನನ್ನು ಹಳೆ ಕಂಪ್ಯೂಟರ್ ಮಾರುವ ದೊಡ್ಡ ಅಂಗಡಿಗೆ ಎಳೆದುಕೊಂಡು ಹೋದೆ. ಹರಕೆಯ ಕುರಿಯ ಹಾಗೆ ಬಂದ.

ನನ್ನ ಜೇಬಿನಲ್ಲಿ ಪೆನ್ ಡ್ರೈವ್ ಇತ್ತು, ಅದರೊಳಗೆ ನನ್ನ ಲಿನಕ್ಸ್. ಯಾವ ಯಂತ್ರಕ್ಕೆ ಚುಚ್ಚಿದರೂ ಅಲ್ಲೇ ಏಳುತ್ತದೆ. ಅತಿ ಚಿಕ್ಕ ಬಕೆಟ್ ಇಟ್ಟು ಹತ್ತು ನಿಮಿಷ ಸದ್ದು ಓಡಿಸಬೇಕು, ಎಷ್ಟು ಸಲ ಬಕೆಟ್ ತುಂಬುವುದು ತಪ್ಪಿತು ಎಂದು ಅದೇ ಎಣಿಸಿ ತೋರಿಸುತ್ತದೆ. ಅಂಗಡಿಯವನು ಮೊದಲು ತಂದದ್ದು ಮಿರಮಿರ ಹೊಳೆಯುವ, ಆಟ ಆಡುವವರ ಲ್ಯಾಪ್‌ಟಾಪ್. ಕೀಲಿಗಳ ಕೆಳಗೆ ಬಣ್ಣಬಣ್ಣದ ದೀಪ. ಇದಕ್ಕಿಂತ ಜೋರಾದದ್ದು ಇಡೀ ಅಂಗಡಿಯಲ್ಲಿಲ್ಲ ಎಂದ. ಎರಡು ನಿಮಿಷಕ್ಕೆ ಮೂವತ್ತು ತಪ್ಪು. ಚಿತ್ರ ತೋರಿಸುವ ಅದರ ದೊಡ್ಡ ಕಾರ್ಡಿಗೆ ನಡುನಡುವೆ ತನ್ನ ಕೆಲಸವೇ ಹೆಚ್ಚು; ಸದ್ದಿನ ಸರದಿ ಬಂದಾಗ ಅದು ದಾರಿ ಬಿಡುವುದಿಲ್ಲ. ಎರಡನೆಯದು ತೆಳ್ಳಗೆ, ಚೆಂದಕ್ಕೆ ಚೆಂದ. ಬಿಸಿಯಾದ ಕೂಡಲೇ ನಿಧಾನವಾಗಿ ಎಡವತೊಡಗಿತು. ಓಡುವುದು ಜೋರಾಗಿದ್ದರೆ ಸಾಲದು ಅಂತಾಯ್ತು, ಹೆಜ್ಜೆ ತಪ್ಪಬಾರದು ಎಂದು ಅಣ್ಣ ತಾನಾಗಿ ಹೇಳಿದ. ಹದಿನೈದು ದಿನದಲ್ಲಿ ಅವನ ಬಾಯಿಂದ ಬಂದ ಮೊದಲ ಉದ್ದದ ಮಾತು ಅದು.

ಆಮೇಲೆ ಅವನೇ ಮುಂದೆ ಬಂದ. ಸಾಲಾಗಿ ಇಟ್ಟಿದ್ದ ಆಫೀಸಿನ ದಪ್ಪ ಲ್ಯಾಪ್‌ಟಾಪುಗಳನ್ನು ಒಂದೊಂದಾಗಿ ಹಚ್ಚಿಸಿ, ಬೆನ್ನಿನ ಮೇಲೆ ಬೆರಳಿಟ್ಟು, ಫ್ಯಾನಿಗೆ ಕಿವಿ ಕೊಟ್ಟ. ಇದರ ಫ್ಯಾನು ಒಂದು ಕಡೆ ಎಳೆಯುತ್ತಿದೆ, ಮೈಕ್ ಇಟ್ಟರೆ ಕೇಳುತ್ತೆ, ಬೇಡ. ಇದು ಪರವಾಗಿಲ್ಲ, ಆದರೆ ಬೇರಿಂಗ್ ಸವೆದಿದೆ. ಅಂಗಡಿಯವನು ನನ್ನ ಮುಖ ನೋಡಿದ, ಯಾರಮ್ಮ ಇವರು ಎಂಬಂತೆ. ಕೊನೆಗೆ ಮುಚ್ಚಳದ ಮೇಲೆ ಗೀರು ಬಿದ್ದ, ಒಂದು ಕೀಲಿಯ ಅಕ್ಷರ ಅಳಿಸಿಹೋದ ಒಂದನ್ನು ಆರಿಸಿದ. ನಡುವೆ ಅಡ್ಡ ಬರದಿರಲಿ ಎಂದು ನಾನು ವೈಫೈ ಆಫ್ ಮಾಡಿ ಹತ್ತು ನಿಮಿಷ ಓಡಿಸಿದೆ. ತಪ್ಪು ಸೊನ್ನೆ.

ಸದ್ದಿನ ಪೆಟ್ಟಿಗೆಯೊಂದು ಬೇರೆ ಬೇಕು, ಹೆಡ್‌ಫೋನ್ ಚುಚ್ಚುವ ಹೊರಗಿನ ಪೆಟ್ಟಿಗೆ. ಅದರಲ್ಲಿ ಮೋಸ ಹೋಗುವವರೇ ಹೆಚ್ಚು. ಕೆಲವಕ್ಕೆ ಅವರದ್ದೇ ಕಂಪನಿಯ ಪ್ರೋಗ್ರಾಂ ಬೇಕು, ಅದು ಲಿನಕ್ಸಿಗೆ ಸಿಗುವುದಿಲ್ಲ. ಯಾರ ಹಂಗೂ ಇಲ್ಲದೆ ಚುಚ್ಚಿದ ಕೂಡಲೇ ಮಾತಾಡುವಂಥದ್ದು ಬೇಕು. ತಗಡಿನ ಮೈಯ, ಎರಡೇ ತಿರುಪಿನ ಹಳೆಯದೊಂದು ಹಾಗೆ ಮಾತಾಡಿತು. ನಿನ್ನ ಗಿರಾಕಿ ಪುಣ್ಯವಂತ ಎಂದ ಅಣ್ಣ. ಎಷ್ಟು ದಿನದ ಮೇಲೆ ಅವನ ಮುಖದಲ್ಲಿ ನಗು ನೋಡಿದೆನೋ, ನನಗೆ ಅಲ್ಲೇ ಕೂತು ಅಳಬೇಕು ಅನ್ನಿಸಿತು.

ಆ ಗಿರಾಕಿ ನೀನೇ ಎಂದು ಹೇಳಿದ್ದು ಅವನ ಮನೆಯಲ್ಲಿ. ಮಂಚದ ಕೆಳಗಿನ ಪ್ಯಾಡುಗಳನ್ನು ನಾನೇ ಎಳೆದು ಜೋಡಿಸಿದೆ. ಬೇಡ ಬೇಡ ಎನ್ನುತ್ತಲೇ ಕೂತ. ತಾಳದ ಗಡಿಯಾರ ಹಾಕಿದೆ, ಹತ್ತು ಏಟು ಹೊಡೆದ, ಹೆಡ್‌ಫೋನ್ ಕಿತ್ತಿಟ್ಟ. ಈ ಯಂತ್ರ ಸರಿಯಿಲ್ಲ, ಎಲ್ಲ ಮುಂಚೆ ಕೇಳುತ್ತಿದೆ, ಹಳೆಯದೇ ಚೆನ್ನಾಗಿತ್ತು ಎಂದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ. ನಾನು ನೆಲ ನೋಡುತ್ತ ಎಲ್ಲವನ್ನೂ ಹೇಳಿದೆ. ಬಕೆಟ್, ಟೀಚರು, ನಾಲ್ಕು ತಿಂಗಳು. ಹೇಳಿ ಮುಗಿಸಿ, ಅವನು ಬೈಯುತ್ತಾನೆ ಎಂದು ಕಾದೆ, ಬೈದಿದ್ದರೆ ಹಗುರಾಗುತ್ತಿತ್ತು.

ಅವನು ಬೈಯಲಿಲ್ಲ. ತೋರಿಸು ಎಂದ. ಎರಡು ನಿಮಿಷ ಅವನು ಬಾರಿಸಿದ್ದನ್ನು ರೆಕಾರ್ಡ್ ಮಾಡಿ ಪರದೆಯ ಮೇಲೆ ಬಿಡಿಸಿ ಹಾಕಿದೆ. ತಾಳಕ್ಕೆ ಒಂದೊಂದು ನೆಟ್ಟ ಗೆರೆ, ಅವನ ಏಟಿಗೆ ಒಂದೊಂದು ಗುರುತು. ಪ್ರತಿ ಗುರುತೂ ಗೆರೆಗಿಂತ ಮುಂಚೆ. ಅವನು ಜೇಬಿನಿಂದ ತನ್ನ ಸಣ್ಣ ಉಕ್ಕಿನ ಅಳತೆಪಟ್ಟಿ ತೆಗೆದು ಪರದೆಗೆ ಹಿಡಿದು ಗುರುತಿನಿಂದ ಗೆರೆಗೆ ಅಳೆದ. ಮುಂದಿನದನ್ನು ಅಳೆದ. ಇಪ್ಪತ್ತು, ಮೂವತ್ತು ಅಳೆದ. ಒಮ್ಮೆಯೂ ಅಂತರ ಬದಲಾಗಲಿಲ್ಲ.

“ಕೆಟ್ಟ ಗಾಲಿ ಒಂದೊಂದು ಸಲ ಒಂದೊಂದು ಕಡೆ ತೋರಿಸುತ್ತೆ,” ಎಂದ. “ಯಾವಾಗ್ಲೂ ಒಂದೇ ಕಡೆ ತೋರಿಸಿದ್ರೆ ಗಾಲಿ ಚೆನ್ನಾಗೇ ಇದೆ ಅಂತ. ಸೀಸ ತಪ್ಪು ಜಾಗದಲ್ಲಿದೆ, ಅಷ್ಟೇ.” ಆಮೇಲೆ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಮೇಲೆ ಕೆಳಗೆ ತಿರುಗಿಸಿ ನೋಡಿಕೊಂಡ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ. ಹೊರಡುವಾಗ ಮೆಟ್ಟಿಲ ಹತ್ತಿರ ಅವನ ಕೈ ಹಿಡಿದುಕೊಂಡು, ಇದನ್ನು ಯಾರಿಗೂ ಹೇಳಬೇಡ ಕಣೋ ಎಂದು ಬೇಡಿದೆ. ಒಡಹುಟ್ಟಿದವನಿಗೇ ಹೀಗೆ ಮಾಡಿದಳು ಎಂದರೆ ನನ್ನ ಅಂಗಡಿಗೆ ಯಾರು ಬರುತ್ತಾರೆ ಎಂದೆ. ಆ ಬ್ಯಾಂಡಿನಲ್ಲೇ ಮೂವರು ನನ್ನ ಗಿರಾಕಿಗಳು. ಆಯ್ತು ಬಿಡು ಎಂದ.

ದಿನಕ್ಕೆ ಸ್ವಲ್ಪ ಸ್ವಲ್ಪ ಬಕೆಟ್ ಚಿಕ್ಕದು ಮಾಡುತ್ತ ಹೋಗೋಣವೇ, ಕೈಗೆ ಗೊತ್ತೇ ಆಗುವುದಿಲ್ಲ ಎಂದು ನಾನು ಉಪಾಯ ಹೇಳಿದೆ. ಅವನು ಒಪ್ಪಲಿಲ್ಲ. ಹಳೆ ಸೀಸದ ಮೇಲೆ ಹೊಸ ಸೀಸ ಬಡಿಯಬಾರದು, ಎಲ್ಲ ಕಿತ್ತು ಬರಿಗಾಲಿಯಿಂದ ಶುರು ಮಾಡಬೇಕು ಎಂದ. ಒಂದು ಕೋಲು, ಒಂದು ಪ್ಯಾಡು, ಆಮೆ ನಡಿಗೆಯ ತಾಳ. ಒಂಬತ್ತು ವರ್ಷ ಬ್ಯಾಂಡಿನಲ್ಲಿ ಕೂತವನು ಅಆಇಈ ಕಲಿಯುವವನ ಹಾಗೆ ಟಪ್, ಟಪ್ ಎಂದು ಹೊಡೆಯುತ್ತ ಕೂತಿದ್ದನ್ನು ನೋಡಲಾಗುತ್ತಿರಲಿಲ್ಲ. ಪ್ರತಿ ದಿನ ರೆಕಾರ್ಡ್ ಮಾಡುವುದು, ಗೆರೆ ನೋಡುವುದು. ಮೊದಲ ವಾರ ಅಂತರ ಇದ್ದಲ್ಲೇ ಇತ್ತು. ಎರಡನೇ ವಾರ ಕಡಿಮೆಯಾಯಿತು, ಆದರೆ ಏಟುಗಳು ಚೆಲ್ಲಾಪಿಲ್ಲಿಯಾದವು, ಆಗ ಮಾತ್ರ ಅವನು ಹೆದರಿದ. ಆರನೇ ವಾರಕ್ಕೆ ಗುರುತುಗಳು ಗೆರೆಯ ಮೇಲೇ ಬಂದು ಕೂತವು. ಟೈರ್ ಅಂಗಡಿಯ ಮುಂದೆ ಮತ್ತೆ ಕಾರುಗಳು ಹಾರ್ನ್ ಹೊಡೆಯತೊಡಗಿದವು ಎಂದು ಅತ್ತಿಗೆಗೆ ಸುದ್ದಿ ಬಂತು.

ಅವಳು ಯಾರಿಗೂ ಹೇಳದೆ ಕನ್ನಡಕದ ಅಂಗಡಿಗೆ ಹೋದಳು. ಅವನು ಬಾರಿಸುವುದನ್ನು ಇನ್ನೊಮ್ಮೆ ಕೇಳಿ ಎಂದಳಂತೆ, ಅಷ್ಟೇ. ಬ್ಯಾಂಡಿಗೆ ಒಬ್ಬ ತರುಣ ಸಿಕ್ಕಿದ್ದ, ಇನ್ನೂ ಮಾತು ಕೊಟ್ಟಿರಲಿಲ್ಲ. ಸರಿ, ಭಾನುವಾರ ಬರಲಿ ಎಂದರು.

ಮತ್ತೆ ಅದೇ ನೆಲಮಾಳಿಗೆ. ನಾಲ್ಕು ಹಾಡು ಬಾರಿಸಿದ. ಮೊದಲ ಹಾಡಿನಲ್ಲಿ ನಾನು ಉಸಿರು ಬಿಗಿಹಿಡಿದು ಕೂತಿದ್ದೆ, ನಾಲ್ಕನೆಯದಕ್ಕೆ ನನ್ನ ಕಾಲೇ ತಾಳ ಹಾಕುತ್ತಿತ್ತು. ಹಿಂದೆ ಪಿಸುಗುಟ್ಟಿದ್ದ ಗಿಟಾರಿನವನು ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದ. ಕನ್ನಡಕದವರು ಕೀಬೋರ್ಡ್ ಬಿಟ್ಟು ಎದ್ದು ಬಂದು, ಕೈ ಬಹಳ ಚೆನ್ನಾಗಿದೆ, ಹಾಗಾದರೆ ಅವತ್ತು ಏನಾಗಿತ್ತು ಎಂದು ಕೇಳಿದರು.

“ಅಭ್ಯಾಸ ಮಾಡಿರ್ಲಿಲ್ಲ ಸಾರ್,” ಎಂದ ಅಣ್ಣ.

ಅವರ ಮುಖದ ಬೆಳಕು ಇಳಿದದ್ದು ನನಗೆ ಕಾಣಿಸಿತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ನಿಧಾನವಾಗಿ ಹೇಳಿದರು. ನಾನು ನಾಲ್ಕು ತಿಂಗಳು ಕೊಟ್ಟಿದ್ದೆ, ಕೈ ಇದ್ದೂ ಕೂರದೆ ಬಂದೆ ಅಂದರೆ ನಾಳೆ ಐನೂರು ಜನರ ಮುಂದೆ ನಿನ್ನ ನಂಬಿ ಹೇಗೆ ನಿಲ್ಲಲಿ, ಆ ಹುಡುಗ ಇನ್ನೂ ಕಚ್ಚಾ, ಆದರೆ ಬೆಳಗ್ಗೆ ಆರಕ್ಕೆ ಎದ್ದು ಕೂರುತ್ತಾನೆ, ಬೇಜಾರು ಮಾಡ್ಕೋಬೇಡ. ಅಣ್ಣ ತಲೆಯಾಡಿಸಿದ. ಕೋಲುಗಳನ್ನು ಚೀಲಕ್ಕೆ ಹಾಕತೊಡಗಿದ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಿದರೆ ನಿಜ ಹೇಳು ಎಂದು ನನ್ನನ್ನು ಕೇಳಿದ ಹಾಗಾಗುತ್ತದೆ ಎಂದು ನೋಡಲಿಲ್ಲ, ನನಗೆ ಗೊತ್ತು. ಪಕ್ಕದಲ್ಲಿ ಅತ್ತಿಗೆ ನನ್ನ ಮೊಣಕೈ ಹಿಡಿದಳು.

ಜೋರು ಬಾಯಿಯವಳು ನಾನು. ಎದ್ದು ನಿಂತೆ.

“ಅವನು ಸುಳ್ಳು ಹೇಳ್ತಿದ್ದಾನೆ. ನಾಲ್ಕು ತಿಂಗಳು ದಿನಾ ಎರಡು ಗಂಟೆ ಕೂತಿದ್ದಾನೆ, ಜ್ವರದಲ್ಲೂ ಕೂತಿದ್ದಾನೆ. ಅವನಿಗೆ ಸದ್ದು ತಡ ಆಗೋ ಯಂತ್ರ ಕೊಟ್ಟಿದ್ದು ನಾನು. ತಡ ಆಗ್ತಿದೆ ಅಂತ ಅವನು ಹೇಳ್ದ, ಏನಾಗಲ್ಲ ಅಂತ ನಾನು ಹೇಳ್ದೆ. ಅವನ ಕೈ ಕೆಡಿಸಿದ್ದು ನಾನು. ತಪ್ಪು ನನ್ನದು.”

ಕನ್ನಡಕದವರು ಕನ್ನಡಕ ಹಾಕಿಕೊಂಡು ಒಮ್ಮೆ ನನ್ನನ್ನು, ಒಮ್ಮೆ ಅಣ್ಣನನ್ನು ನೋಡಿದರು. ಎಷ್ಟು ದಿನದಲ್ಲಿ ಕೈ ತಿದ್ದಿಕೊಂಡೆ ಎಂದು ಕೇಳಿದರು. ಆರು ವಾರ ಎಂದು ಅತ್ತಿಗೆ ಹೇಳಿದಳು. ಅವರು, ಶನಿವಾರ ಕಾರ್ಯಕ್ರಮ ಇದೆ, ಐದು ಗಂಟೆಗೆ ವ್ಯಾನು ಬರುತ್ತೆ, ಟೈರ್ ಅಂಗಡಿ ಹತ್ತಿರ ನಿಂತಿರು ಎಂದರು. ಗಿಟಾರಿನವನು ಮಾತ್ರ, ನನ್ನ ಕಂಪ್ಯೂಟರ್ ನಿಮ್ಮ ಹತ್ತಿರ ಇದೆಯಲ್ಲ, ನಾಳೆ ಬಂದು ತಗೊಂಡು ಹೋಗ್ತೀನಿ ಎಂದ. ಮಾರನೇ ದಿನ ಬಂದು ತೆಗೆದುಕೊಂಡೂ ಹೋದ. ಅವನ ಹಿಂದೆಯೇ ಬ್ಯಾಂಡಿನ ಇನ್ನಿಬ್ಬರು ಗಿರಾಕಿಗಳೂ ಕೈಬಿಟ್ಟು ಹೋದರು.

ಗೋದಾಮಿನಿಂದ ಮೇಲೆ ಬರುವ ಇಳಿಜಾರಿನಲ್ಲಿ ಅಣ್ಣ ಮುಂದೆ ಮುಂದೆ ನಡೆಯುತ್ತಿದ್ದ. ಅರ್ಧದಲ್ಲಿ ನಿಂತು ತಿರುಗಿದ. ಯಾರಿಗೂ ಹೇಳಬೇಡ ಅಂತ ನೀನೇ ತಾನೇ ಬೇಡಿಕೊಂಡಿದ್ದು, ಮತ್ತೆ ಅಷ್ಟು ಜನರ ಎದುರಿಗೆ ಯಾಕೆ ಹೇಳಿಕೊಂಡೆ ಎಂದು ಕೇಳಿದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

“ನಾಲ್ಕು ತಿಂಗಳು ಕೂತಿದ್ದವನು ನೀನು,” ಎಂದೆ. “ಅದನ್ನ ಕೂತೇ ಇಲ್ಲ ಅಂತ ಹೇಳೋಕೆ ನಿನಗೇನೋ ಹಕ್ಕಿದೆ?”

ಅವನು ಚೀಲವನ್ನು ಗೋಡೆಗೆ ಒರಗಿಸಿ, ಗೋಡೆಯ ಕಡೆ ಮುಖ ಮಾಡಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಮೊದಲ ಸಲ ಸೋತು ಬಂದ ದಿನ ಅವನು ಅತ್ತಿರಲಿಲ್ಲ. ಅತ್ತಿಗೆ ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಳು. ನಾನು ಅವನ ಇನ್ನೊಂದು ಪಕ್ಕದಲ್ಲಿ ನಿಂತೆ. ಅವನ ಅಳು ಮುಗಿಯುವವರೆಗೆ ನಾವು ಮೂವರೂ ಅಲ್ಲೇ ಇದ್ದೆವು.